ಮೊಬೈಲಿನಾಗ 45 ನಿಮಿಷದ ಪರೀಕ್ಷೆ, ತಮ್ಮಗ ಕೆಲಸ ಇಲ್ಲ: ಈ ಪರ್ಸನಾಲಿಟಿ ಟೆಸ್ಟ್ ಎಷ್ಟು ನಂಬೂದು?

ಕುಷ್ಟಗಿ_ಅಕ್ಕ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಐತಿ, ದಯವಿಟ್ಟು ಪೂರ್ತಿ ಓದ್ರಿ.

ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸ್ಯಾನ. ಓದೂಮುಂದನ ಪಂಪ್‌ಸೆಟ್ ರಿಪೇರಿ ಮಾಡಿ ತನ್ನ ಕೈಖರ್ಚು ತಾನ ನೋಡ್ಕೊಂಡ ಹುಡುಗ. ಊರಾಗ ಯಾರ ಮೋಟಾರ್ ಸುಟ್ಟರೂ ಮೊದಲು ಇವನ ಹೆಸರ ಬರತೈತಿ. ಹೋದ ತಿಂಗಳು ನಮ್ಮ ಕಡೆ ಒಂದು ಕಾರ್ಖಾನಿಯವರು ಮೆಂಟೆನೆನ್ಸ್ ಟ್ರೇನಿ ಕೆಲಸಕ್ಕ ಕರೆದಿದ್ರು. ಬರೆಯೂ ಪರೀಕ್ಷೆ ಪಾಸಾದ. ವರ್ಕ್‌ಶಾಪಿನಾಗ ಫಿಟ್ಟಿಂಗ್ ಕೊಟ್ರು, ಅದೂ ಪಾಸಾದ. ಆಮ್ಯಾಲೆ ಮೊಬೈಲಿಗೆ ಒಂದು ಲಿಂಕ್ ಬಂತು. ಪರ್ಸನಾಲಿಟಿ ಟೆಸ್ಟ್ ಅಂತ, 45 ನಿಮಿಷ.

ನಾನು ಬಾಜೂಕನ ಕುಂತಿದ್ದೆ. ಪ್ರಶ್ನೆ ಇಂಗ್ಲಿಷಿನಾಗ, ಒತ್ತಿದ್ರ ಕನ್ನಡ ಬರ್ತಿತ್ತು. 'ಪಾರ್ಟಿಗಳಲ್ಲಿ ಅಪರಿಚಿತರೊಂದಿಗೆ ಬೆರೆಯುವುದನ್ನು ನಾನು ಆನಂದಿಸುತ್ತೇನೆ' ಅಂತ ಒಂದು. ತಮ್ಮ ನನ್ನ ಮಕ ನೋಡಿ, 'ಅಕ್ಕಾ, ಪಾರ್ಟಿ ಅಂದ್ರ ಎಲೆಕ್ಷನ್ನಿಂದಾ?' ಅಂದ. 'ಮೇಲಧಿಕಾರಿಯ ನಿರ್ಧಾರ ತಪ್ಪೆನಿಸಿದರೆ ತಕ್ಷಣ ಹೇಳುತ್ತೇನೆ' ಅಂತ ಇನ್ನೊಂದು. ಅಪ್ಪನ ಮುಂದ ಇವತ್ತಿಗೂ ದನಿ ಎತ್ತಲಾರದ ಹುಡುಗ, 'ಒಪ್ಪುವುದಿಲ್ಲ' ಅಂತ ಒತ್ತಿದ.

ಮೂರನೇ ದಿನ ಆಯ್ಕೆ ಆಗಿಲ್ಲ ಅಂತ ಮೆಸೇಜು. ಒಳಗಿದ್ದ ಪರಿಚಯದವರನ್ನ ಕೇಳಿದ್ರ, 'ಅಂತರ್ಮುಖಿ, ತಂಡದ ಕೆಲಸಕ್ಕ ಹೊಂದೂದಿಲ್ಲ' ಅಂತ ವರದಿ ಬಂದೈತಿ ಅಂದ್ರು.

ಕೆಲಸ ಹೋದ್ರ ಹೋಗಲಿ, ಇನ್ನೊಂದು ಸಿಗತೈತಿ. ಆದ್ರ ಈಗ ಅವನ 'ನನ್ನ ಸ್ವಭಾವನ ಹಂಗಂತ, ಬಿಡು' ಅನ್ನಾಕ ಹತ್ಯಾನ. ಮೊನ್ನೆ ಬುಧವಾರ ಯಾರೋ ಮೋಟಾರ್ ನೋಡು ಬಾ ಅಂದ್ರ ಹೋಗ್ಲಿಲ್ಲ. ಅದಕ್ಕ ಕೇಳ್ತೀನಿ. ಈ ಪರೀಕ್ಷೆ ಖರೇನ ವಿಜ್ಞಾನ ಏನು? ಇದರ ಮ್ಯಾಲ ಒಬ್ಬರನ್ನ ಬ್ಯಾಡ ಅನ್ನಬಹುದಾ?

ಕೌಲ್‌ಬಜಾರ್_ಹುಡುಗ
ಆ ಪಾರ್ಟಿ ಪ್ರಶ್ನೆ ನನಗೂ ಬಂದಿತ್ತು. 'ಸಂಪೂರ್ಣ ಒಪ್ಪುತ್ತೇನೆ' ಒತ್ತಿದೆ, ಕೆಲಸ ಸಿಕ್ತು. ಇವತ್ತಿನ ತನಕ ಒಂದು ಪಾರ್ಟಿಗೂ ಹೋಗಿಲ್ಲ.

ಮಾನ್ವಿ_ಮೆಣಸಿನಕಾಯಿ
ಅಂದ್ರ ಸುಳ್ಳು ಹೇಳಿದವರಿಗೆ ಕೆಲಸ, ಖರೆ ಹೇಳಿದವರಿಗೆ ಇಲ್ಲ. ಎಂಥ ನ್ಯಾಯ ಅದ ಇದು.

ಮನಶ್ಶಾಸ್ತ್ರ_ಮೇಷ್ಟ್ರು
ಬಳ್ಳಾರಿಯಲ್ಲಿ ಮನಶ್ಶಾಸ್ತ್ರ ಪಾಠ ಮಾಡ್ತೀನಿ. ಅಕ್ಕಾರೆ, ಮೊದಲು ಒಂದು ಮಾತು: 'ಅಂತರ್ಮುಖಿ' ಅನ್ನೋದು ಕಾಯಿಲೆ ಅಲ್ಲ, ಕೊರತೆಯೂ ಅಲ್ಲ. ತಮ್ಮನಿಗೆ ಇದನ್ನ ಇವತ್ತೇ ಹೇಳಿ.

ಎರಡನೇದು, ಪರ್ಸನಾಲಿಟಿ ಟೆಸ್ಟ್ ಅಂದ್ರೆ ಎಲ್ಲ ಒಂದೇ ಅಲ್ಲ. ಹತ್ತಿ ಬೀಜದ ಅಂಗಡಿಯಲ್ಲಿ ಎಲ್ಲ ಪ್ಯಾಕೆಟ್ಟೂ ಬೀಜದ್ದೇ, ಮೊಳಕೆ ಬರೋದು ಯಾವುದು ಅಂತ ನೋಡಬೇಕಲ್ವಾ?

ಎಲ್ಲರಿಗೂ ಗೊತ್ತಿರೋದು ಮೈಯರ್ಸ್-ಬ್ರಿಗ್ಸ್, ಜನರನ್ನ 16 ಬಗೆ ಮಾಡುತ್ತಲ್ಲ, ಅದು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಮಾಡಿದ್ದು. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳನ್ನ ತಗೊಂಡು ಪ್ರಶ್ನೆ ಕಟ್ಟಿದರು, 1962ರಲ್ಲಿ ಪ್ರಕಟ ಆಯ್ತು. ಅದರ ದೊಡ್ಡ ತೊಂದರೆ ಏನು ಅಂದ್ರೆ, ನಡುವೆ ಒಂದು ಗೆರೆ ಎಳೆದು ಈ ಕಡೆ ಅಂತರ್ಮುಖಿ, ಆ ಕಡೆ ಬಹಿರ್ಮುಖಿ ಅನ್ನುತ್ತೆ. ಆದರೆ ಹೆಚ್ಚಿನ ಜನ ಇರೋದೇ ನಡುವಿನಲ್ಲಿ. ತುಂಗಭದ್ರಾ ಡ್ಯಾಮಿನ ಪೂರ್ಣ ಮಟ್ಟ 1633 ಅಡಿ. ಮಟ್ಟ ಎಷ್ಟು ಅಡಿ ಅಂತ ಹೇಳದೆ ಬರೀ 'ತುಂಬೈತೆ', 'ಖಾಲಿ' ಅಂದ್ರೆ ಕಾಲುವೆ ಕೊನೆಯ ರೈತನಿಗೆ ಏನು ತಿಳೀತು? ಗೆರೆ ಹತ್ತಿರ ಇರೋರು ಒಂದೂವರೆ ತಿಂಗಳು ಬಿಟ್ಟು ಮತ್ತೆ ಬರೆದರೆ ಆ ಕಡೆ ಹಾರಿರ್ತಾರೆ. ಮನುಷ್ಯ ಬದಲಾಗಿರಲ್ಲ, ಗೆರೆ ಮಾತ್ರ ದಾಟಿರ್ತಾನೆ.

1991ರಲ್ಲೇ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಪರಿಶೀಲನೆ ಮಾಡಿ, ವೃತ್ತಿ ಸಲಹೆಗೆ ಇದನ್ನ ಬಳಸೋಕೆ ಸಾಕಷ್ಟು ಆಧಾರ ಇಲ್ಲ ಅಂತು. ಅದನ್ನ ಮಾರೋ ಸಂಸ್ಥೆಯೇ ನೇಮಕಾತಿಗೆ ಬಳಸಬೇಡಿ ಅನ್ನುತ್ತೆ!

ಸಿಂಧನೂರು_ಭತ್ತ
ಮೇಷ್ಟ್ರೆ, ಕಾಲುವಿ ಕೊನಿ ರೈತ ನಾನೇ. ಡ್ಯಾಮ್ ತುಂಬ್ಯದ ಅಂತ ಪೇಪರಿನಾಗ ಫೋಟೋ ಬರ್ತದ, ನಮ್ಮ ಗದ್ದಿಗೆ ನೀರು ಬರಂಗಿಲ್ಲ. 2024ರ ಆಗಸ್ಟ್‌ನಾಗ 19ನೇ ಗೇಟು ಕಿತ್ತು ಹೋದ ಮ್ಯಾಲಂತೂ ರಾತ್ರಿ ನಿದ್ದಿ ಇದ್ದಿಲ್ಲ ನಮಗ.

ಮುನಿರಾಬಾದ್_ಗಾಳಿ
ಆ ವಾರ ನಾ ಸೇತುವಿ ಮ್ಯಾಲ ನಿಂತು ನೋಡೀನಿ. ರಿಟೈರ್ ಆದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ನಿಂತು, ಹರಿಯೂ ನೀರಿನಾಗ ಸ್ಟಾಪ್‌ಲಾಗ್, ಅಂದ್ರ ನೀರು ತಡಿಯೂ ತಾತ್ಕಾಲಿಕ ಗೇಟು, ಇಳಿಸಿದ್ರು. ಕೆಳಗ ಕೆಲಸ ಮಾಡಿದ ವೆಲ್ಡರ್ ಹುಡುಗ್ರು ಒಬ್ರೂ ಮಾತಾಡ್ತಿದ್ದಿಲ್ಲ. ಕೈ ಸನ್ನಿ ಅಷ್ಟ. ಅವರೂ 'ತಂಡಕ್ಕ ಹೊಂದದವರು' ಏನು?

ಕುಷ್ಟಗಿ_ಅಕ್ಕ
ಈ ಮಾತು ತಮ್ಮಗ ಓದಿ ಹೇಳಿದೆ. ಸುಮ್ಮನ ಕೇಳಿದ.

ನೀಲಿ_ಜೀನ್ಸ್
ನಾನು ಮೇಷ್ಟ್ರ ಮಾತು ಪೂರ್ತಿ ಒಪ್ಪಲ್ಲ. ನಮ್ಮ ಮನೇಲಿ ಬಳ್ಳಾರಿ ಜೀನ್ಸ್ ಹೊಲಿಯೋ ಯೂನಿಟ್ ಐತೆ. ಅಪ್ಪ ನನ್ನನ್ನ ಕೌಂಟರಿನಲ್ಲಿ ಕೂರಿಸಿದ್ರು. ದಿನಾ ವ್ಯಾಪಾರಿಗಳ ಜೊತೆ ಚೌಕಾಸಿ, ರಾತ್ರಿ ತಲೆನೋವು. ಕಾಲೇಜಲ್ಲಿ ಈ 16 ಬಗೆಯ ಟೆಸ್ಟ್ ಬರೆದೆ, ಐಎನ್‌ಎಫ್‌ಜೆ ಅಂತ ಬಂತು, ಅಂತರ್ಮುಖಿಗಳ ಒಂದು ಬಗೆ ಅದು. ಓದಿದ್ರೆ ಒಂದೊಂದು ಸಾಲೂ ನಂದೇ ಕಥೆ. ಆ ಹಾಳೆ ಅಪ್ಪನಿಗೆ ತೋರಿಸಿ 'ನನಗೆ ಮಂದಿ ಜೊತೆ ದಿನವಿಡೀ ಮಾತಾಡೋಕೆ ಆಗಲ್ಲ, ಪ್ಯಾಟರ್ನ್ ಕಟಿಂಗ್ ಕೊಡಿ' ಅಂದೆ. ಬರೀ ಬಾಯಲ್ಲಿ ಹೇಳಿದ್ರೆ ಸೋಮಾರಿತನ ಅಂತಿದ್ರು. ಈಗ ಕಟಿಂಗ್ ಟೇಬಲ್ ನಂದೇ. ಸುಳ್ಳು ಅಂತ ಹೇಗೆ ಹೇಳ್ಲಿ?

ಮನಶ್ಶಾಸ್ತ್ರ_ಮೇಷ್ಟ್ರು
ನಿಮಗೆ ಒಳ್ಳೇದಾಗಿದ್ದು ನಿಜ, ಸಂತೋಷ. ಆದರೆ 'ಒಂದೊಂದು ಸಾಲೂ ನಂದೇ' ಅನಿಸಿದ್ದು ಟೆಸ್ಟ್ ಸರಿ ಅನ್ನೋಕೆ ಪುರಾವೆ ಆಗಲ್ಲಮ್ಮ. 1948ರಲ್ಲಿ ಬರ್ಟ್ರಾಮ್ ಫೋರರ್ ಅನ್ನೋ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ 'ಇದು ನಿನ್ನ ವರದಿ' ಅಂತ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿ ಇದೆ, 5ಕ್ಕೆ ಅಂಕ ಹಾಕಿ ಅಂದ. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ! ಸಾಲುಗಳನ್ನ ಆರಿಸಿದ್ದು ಪೇಪರ್ ಅಂಗಡಿಯ ಜ್ಯೋತಿಷ್ಯದ ಪುಸ್ತಕದಿಂದ. 'ಹೊರಗೆ ಧೈರ್ಯ, ಒಳಗೆ ಅಳುಕು' ಅಂದ್ರೆ ಯಾರು ಅಲ್ಲ ಅಂತಾರೆ?

ನೀಲಿ_ಜೀನ್ಸ್
ಇರಬಹುದು. ಆದ್ರೆ ನನಗೆ ಅಪ್ಪನ ಹತ್ರ ಮಾತಾಡೋಕೆ ಶಬ್ದ ಸಿಕ್ಕಿದ್ದು ಅದರಿಂದ. ಆ ಉಪಕಾರ ಮರೆಯೋಕಾಗಲ್ಲ.

ಮನಶ್ಶಾಸ್ತ್ರ_ಮೇಷ್ಟ್ರು
ಅದನ್ನ ಒಪ್ತೀನಿ. ನಿಮ್ಮನ್ನ ನೀವು ತಿಳ್ಕೊಳೋಕೆ ಬಳಸಿದ್ರಿ, ಹಾಳೆ ನಿಮ್ಮ ಕೈಯಲ್ಲಿತ್ತು. ಅಕ್ಕಾರ ತಮ್ಮನ ವಿಷಯದಲ್ಲಿ ಹಾಳೆ ಇನ್ನೊಬ್ಬರ ಕೈಯಲ್ಲಿತ್ತು, ಅವನಿಗೆ ತೋರಿಸಲೂ ಇಲ್ಲ. ವ್ಯತ್ಯಾಸ ಇರೋದು ಅಲ್ಲೇ.

ಸಂಡೂರು_ನೇಮಕಾತಿ
ಹನ್ನೆರಡು ವರ್ಷದಿಂದ ನೇಮಕಾತಿ ಕೆಲಸದಲ್ಲಿದ್ದೇನೆ. ನಮ್ಮ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತೆ ಅಂತ ಹೇಳ್ತೀನಿ, ಬಯ್ಯೋದಾದ್ರೆ ಆಮೇಲೆ ಬಯ್ಯಿರಿ.

ಕೆಲವೇ ಹುದ್ದೆಗೆ ಸಾವಿರಾರು ಅರ್ಜಿ ಬರ್ತಾವೆ. ಎಲ್ಲರನ್ನೂ ಕೂರಿಸಿ ಮಾತಾಡಿಸೋಕೆ ಜನ ಇಲ್ಲ. ಟೆಸ್ಟ್ ಮಾರೋರು ಬಂದು ಬಣ್ಣದ ಗ್ರಾಫ್ ತೋರಿಸ್ತಾರೆ, ಮೇಲಿನವರಿಗೆ ಇಷ್ಟ ಆಗುತ್ತೆ. ಪರೀಕ್ಷೆಗಳಲ್ಲಿ ಒಳ್ಳೆಯವೂ ಇದಾವೆ. ಸಂಶೋಧಕರು ಒಪ್ಪೋದು 'ಬಿಗ್ ಫೈವ್' ಅನ್ನೋ, ಸ್ವಭಾವದ ಐದು ಅಳತೆ. ಅದರಲ್ಲಿ ಶ್ರದ್ಧೆ, ಅಂದ್ರೆ ಹಿಡಿದ ಕೆಲಸ ಅಚ್ಚುಕಟ್ಟಾಗಿ ಮುಗಿಸೋ ಗುಣ, ಎಲ್ಲ ಥರದ ಕೆಲಸಕ್ಕೂ ಸ್ವಲ್ಪ ಸಂಬಂಧ ತೋರಿಸುತ್ತೆ. ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಅದನ್ನ ತೋರಿಸಿದರು.

ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ಕೇಳಿ. ಬಹಿರ್ಮುಖತೆಯಿಂದ ಪ್ರಯೋಜನ ಕಂಡಿದ್ದು ಸೇಲ್ಸ್‌ನವರಲ್ಲಿ, ಮ್ಯಾನೇಜರ್‌ಗಳಲ್ಲಿ. ಪಂಪ್ ಬಿಚ್ಚೋ ಟ್ರೇನಿಗೆ ಅದನ್ನ ಅಳೆದು ತಳ್ಳಿಹಾಕಿದ್ದು ಶುದ್ಧ ತಪ್ಪು. ನಮ್ಮ ವೃತ್ತಿಯವಳಾಗಿ ನಾನೇ ಹೇಳ್ತಿದ್ದೀನಿ.

ಶಕ್ತಿನಗರ_ಶಿಫ್ಟ್
ನಿವೃತ್ತ ನಾನು. ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಾಗ ಜೀವಮಾನ ಕಳದೀನಿ. ಎಲ್ಲಾರೂ ಟೆಸ್ಟ್ ಬ್ಯಾಡ ಅನ್ನಾಕತ್ತೀರಿ, ಆದ್ರ ಸ್ವಭಾವ ಮುಖ್ಯ ಅಲ್ಲ ಅನ್ನಬ್ಯಾಡ್ರಿ. ರಾತ್ರಿ ಮೂರಕ್ಕ 210 ಮೆಗಾವಾಟ್ ಯೂನಿಟ್ ಟ್ರಿಪ್ ಆಯ್ತು ಅಂದ್ರ ಅಲಾರಂ ಎಲ್ಲಾ ಒಮ್ಮೆಲೇ ಹೊಡಕೋತಾವ. ಆಗ ಕೈ ನಡುಗಿಸಿಕೊಂಡು ಸಿಕ್ಕ ಬಟನ್ ಒತ್ತೋ ಮನುಷ್ಯಾ ಬ್ಯಾಡ. ಎಷ್ಟು ಮಾರ್ಕ್ಸ್ ತಗೊಂಡಿದ್ರೂ ಬ್ಯಾಡ.

ಮಾನ್ವಿ_ಮೆಣಸಿನಕಾಯಿ
ಸರ, ಆ ಕೈ ನಡುಗ್ತದೋ ಇಲ್ಲೋ ಅಂತ ಮೊಬೈಲಿನಾಗ ಹೆಂಗ ಗೊತ್ತಾಗ್ತದ?

ಶಕ್ತಿನಗರ_ಶಿಫ್ಟ್
ಆಗಂಗಿಲ್ಲ, ಖರೆ. ನಾವು ಹುಡುಗ್ರನ್ನ ಆರು ತಿಂಗಳು ಬಾಜೂಕ ಕೂಡಿಸಿಕೊಂಡು ನೋಡ್ತಿದ್ವಿ. ನಮ್ಮ ಶಿಫ್ಟಿನಾಗ ಎಲ್ಲಾರಿಗಿಂತ ಶಾಂತ ಇದ್ದಾವ ಎಲ್ಲಾರಿಗಿಂತ ಕಮ್ಮಿ ಮಾತಾಡಾವ ಇದ್ದ. ಅದೂ ಅದ.

ಗುಂತಕಲ್_ಲೈನ್
ರೈಲ್ವೆ ಲೋಕೋ ಪೈಲಟ್ ಪರೀಕ್ಷೆ ಬರದೀನಿ, ರಾಯಚೂರಿನಾಗ ನಮ್ಮ ರೂಮಿನ ನಾಲ್ಕೂ ಮಂದಿ ಬರದೀವಿ. ಅದಕ್ಕ ಎಲ್ಲಾರೂ 'ಸೈಕೋ ಟೆಸ್ಟ್' ಅಂತಾರ, ಆದ್ರ ಸ್ವಭಾವದ ಪ್ರಶ್ನೆ ಅಲ್ಲ. ನೆನಪು, ಏಕಾಗ್ರತೆ, ಕಣ್ಣಿನ ಚುರುಕು, ದೂರ ಅಂದಾಜು, ಹೇಳಿದ್ದು ಹೇಳಿದಂಗ ಮಾಡೂದು, ಹಿಂಗ 5 ಭಾಗ. ಪ್ರತಿ ಭಾಗದಾಗ 42 ಟಿ-ಸ್ಕೋರ್ (ಬರದವರೆಲ್ಲರ ಸರಾಸರಿಗೆ ಹೋಲಿಸಿ ಹಾಕೂ ಅಂಕ) ಬೇಕು, ಒಂದರಾಗ ಕಮ್ಮಿ ಆದ್ರೂ ಹೊರಗ. ನಾ ಒಂದರಾಗ ಹೋದೆ. ಬ್ಯಾಸರ ಆಯ್ತು, ಆದ್ರ ಅನ್ಯಾಯ ಅನಿಸ್ಲಿಲ್ಲ. ಗಾಡಿ ಓಡ್ಸಾಕ ಏನು ಬೇಕೋ ಅದನ್ನ ಅಳದಾರ. ಎಷ್ಟು ಬೇಕು ಅಂತ ಮೊದಲೇ ಹೇಳ್ಯಾರ.

ಸಂಡೂರು_ನೇಮಕಾತಿ
ಸರಿಯಾಗಿ ಹೇಳಿದ್ರಿ. ಅದು ಸಾಮರ್ಥ್ಯ ಪರೀಕ್ಷೆ, ಉತ್ತರ ಸರಿ ಅಥವಾ ತಪ್ಪು. ವ್ಯಕ್ತಿತ್ವ ಪರೀಕ್ಷೆಯಲ್ಲಿ ನಮ್ಮ ಬಗ್ಗೆ ನಾವೇ ಹೇಳ್ಕೋತೀವಿ. ಕೆಲಸ ಬೇಕಾದವನು ಏನು ಹೇಳ್ಕೋತಾನೆ ಅಂತ ಕೌಲ್‌ಬಜಾರ್ ಹುಡುಗ ಮೇಲೆ ತೋರಿಸಿಕೊಟ್ಟಿದ್ದಾನೆ.

ಲಿಂಗಸುಗೂರು_ಅಪ್ಪ
ವಿಷಯ ಸ್ವಲ್ಪ ಬ್ಯಾರೆ, ಆದ್ರ ಇಲ್ಲೇ ಕೇಳ್ತೀನಿ. ಮಗಳು ಒಂಬತ್ತನೇ ಕ್ಲಾಸು. ಸಾಲಿಗೆ ಯಾರೋ ಬಂದು ಹತ್ತೂ ಬೆರಳಿನ ಗುರುತು ತಗೊಂಡು, ಸಾವಿರಗಟ್ಲೆ ರೊಕ್ಕ ಇಸಕೊಂಡು, ಒಂದು ದೊಡ್ಡ ಪುಸ್ತಕ ಕೊಟ್ಟಾರ. 'ಗಣಿತ ಬುದ್ಧಿ ಕಮ್ಮಿ, ಸೈನ್ಸ್ ಬ್ಯಾಡ' ಅಂತ ಬರದಾರ. ಮಗಳು ಡಾಕ್ಟರ್ ಆಗ್ತೀನಿ ಅಂತಿದ್ಲು. ಮೂರು ದಿನ ಆಯ್ತು, ಗಣಿತದ ಬುಕ್ ಮುಟ್ಟಿಲ್ಲ. ಹಟ್ಟಿ ಗಣಿಯಾಗ ದುಡದ ರೊಕ್ಕ ಅದು.

ಮನಶ್ಶಾಸ್ತ್ರ_ಮೇಷ್ಟ್ರು
ಅಣ್ಣಾ, ಆ ಪುಸ್ತಕ ಇವತ್ತೇ ಎತ್ತಿಡಿ, ಮಗಳ ಕಣ್ಣಿಗೆ ಬೀಳಬಾರದು. ಅದು ಡಿಎಂಐಟಿ, ಬೆರಳಚ್ಚು ನೋಡಿ ಬುದ್ಧಿ ಹೇಳ್ತೀವಿ ಅನ್ನೋ ಪರೀಕ್ಷೆ. ಬೆರಳಿನ ಗೆರೆ ತಾಯಿ ಹೊಟ್ಟೆಯಲ್ಲಿರುವಾಗಲೇ ಮೂಡಿ ನಿಂತು ಹೋಗುತ್ತೆ. ಅದಕ್ಕೂ ಗಣಿತ ಕಲಿಯೋದಕ್ಕೂ ಸಂಬಂಧ ಇದೆ ಅನ್ನೋಕೆ ಯಾವ ಆಧಾರವೂ ಇಲ್ಲ. ಭಾರತೀಯ ಮನೋವೈದ್ಯರ ಸಂಘವೇ ಇದಕ್ಕೆ ವೈಜ್ಞಾನಿಕ ತಳಹದಿ ಇಲ್ಲ ಅಂದಿದೆ. ಬುದ್ಧಿ ಒಂದೇ ಅಲ್ಲ, ಹಲವು ಬಗೆ ಅನ್ನೋ 'ಬಹುಮುಖ ಬುದ್ಧಿವಂತಿಕೆ'ಯ ಮಾತನ್ನ 1983ರಲ್ಲಿ ಮುಂದಿಟ್ಟವರು ಮನಶ್ಶಾಸ್ತ್ರಜ್ಞ ಹೊವರ್ಡ್ ಗಾರ್ಡನರ್. ಬೆರಳು ಒತ್ತಿಸಿ ಬುದ್ಧಿ ಅಳೀರಿ ಅಂತ ಅವರು ಎಲ್ಲೂ ಹೇಳಿಲ್ಲ. ಅವರ ಮಾತಿನ ಹೆಸರು ಅಂಟಿಸಿ ಮಾರ್ತಿದ್ದಾರೆ.

ಮಕ್ಕಳ ಒಲವು ನೋಡಲೇಬೇಕು ಅಂದ್ರೆ ಸಿಬಿಎಸ್‌ಇ, ಎನ್‌ಸಿಇಆರ್‌ಟಿ ಸೇರಿ ಮಾಡಿರೋ 'ತಮನ್ನಾ' ಅನ್ನೋ ಅಭಿಕ್ಷಮತೆ ಪರೀಕ್ಷೆ ಇದೆ, 9 ಮತ್ತು 10ನೇ ತರಗತಿಗೆ. ಅದರಲ್ಲಿ ಪಾಸು ಫೇಲು ಇಲ್ಲ. ಮಗುವಿನ ಮೇಲೆ ಯಾವ ವಿಷಯವನ್ನೂ ಹೇರೋಕೆ ಬಳಸಬಾರದು ಅಂತ ಅವರೇ ಹೇಳಿದ್ದಾರೆ.

ಲಿಂಗಸುಗೂರು_ಅಪ್ಪ
ಪುಸ್ತಕ ಅಟ್ಟದ ಮ್ಯಾಲ ಹಾಕೀನಿ. ಹೆಂಡ್ತಿ ರೊಕ್ಕ ವಾಪಸ್ ಕೇಳ್ತೀನಿ ಅಂತ ನಾಳೆ ಸಾಲಿಗೆ ಹೊಂಟಾಳ.

ಮಾನ್ವಿ_ಮೆಣಸಿನಕಾಯಿ
ಅಕ್ಕಾರಿಗೆ ನಮಸ್ಕಾರ ಹೇಳ್ರಿ. ನನ್ನ ಮಗನ ಸಾಲ್ಯಾಗೂ ಬಂದಿದ್ರು, ನಾವೂ ಹೋಗ್ತೀವಿ.

ಬೆಂಗಳೂರು_ರಿಟರ್ನ್
ಎಲ್ಲ ಸರಿ, ಆದರೆ ಇಂಗ್ಲಿಷ್ ಅರ್ಥ ಆಗದಿದ್ರೆ ಅದು ಕಂಪನಿ ತಪ್ಪಾ? ಕಾರ್ಪೊರೇಟ್ ಕೆಲಸ ಬೇಕು ಅಂದ್ರೆ ತಯಾರಾಗಬೇಕು. ಯೂಟ್ಯೂಬಲ್ಲಿ ಈ ಟೆಸ್ಟಿಗೆ ಏನು ಒತ್ತಬೇಕು ಅಂತ ವಿಡಿಯೋ ಇದಾವೆ, ನೋಡ್ಕೊಂಡು ಹೋಗಲಿ.

ಕುಷ್ಟಗಿ_ಅಕ್ಕ
ಅಣ್ಣ, ಇಂಗ್ಲಿಷ್ ಬೇಕಂದ್ರ ಇಂಗ್ಲಿಷ್ ಪರೀಕ್ಷೆ ಕೊಡ್ರಿ, ಬರೀತಾನ. ಫೇಲಾದ್ರ ಕಲೀತಾನ. ಇಲ್ಲಿ ಇಂಗ್ಲಿಷ್ ತಿಳೀಲಿಲ್ಲ ಅನ್ನೂದನ್ನ 'ನಿನ್ನ ಗುಣ ಸರಿ ಇಲ್ಲ' ಅಂತ ಬರದಾರ. ಎರಡೂ ಒಂದೇನಾ?

ಕೌಲ್‌ಬಜಾರ್_ಹುಡುಗ
ಅಕ್ಕ ಹೇಳಿದ್ದಕ್ಕೆ ನಂದೂ ಒಂದು ಸಹಿ.

ಮನಶ್ಶಾಸ್ತ್ರ_ಮೇಷ್ಟ್ರು
ಇದು ಬರೀ ಭಾಷೆಯ ಮಾತೂ ಅಲ್ಲ. ಪರೀಕ್ಷೆಯನ್ನ ಕನ್ನಡಕ್ಕೆ ತಂದ ಮೇಲೆ ಇಲ್ಲಿಯ ಜನರ ಮೇಲೆ ಪ್ರಯೋಗ ಮಾಡಿ, ಇಲ್ಲಿಯ ಸರಾಸರಿ ಎಷ್ಟು ಅಂತ ಲೆಕ್ಕ ಹಾಕಬೇಕು, ಅದನ್ನ ನಾವು ಮಾನಕ ಅಂತೀವಿ. ಹಿರಿಯರ ಎದುರು ಸುಮ್ಮನಿರೋದು ನಮ್ಮಲ್ಲಿ ಮರ್ಯಾದೆ. ಅಮೆರಿಕದ ಮಾನಕ ಇಟ್ಟು ನೋಡಿದರೆ ಅದೇ ಹಿಂಜರಿಕೆ ಆಗುತ್ತೆ.

ಬೆಂಗಳೂರು_ರಿಟರ್ನ್
ಸರಿ, ಈ ಮಾತು ನನಗೆ ಹೊಳೆದಿರಲಿಲ್ಲ. ಆದರೂ ತಯಾರಿ ಮಾಡಬೇಡಿ ಅಂತ ಹೇಳೋಕೆ ನನಗೆ ಮನಸ್ಸು ಬರ್ತಿಲ್ಲ.

ಯಲಬುರ್ಗಾ_ಜೋಳ
ನಮ್ಮ ಭಾಗಕ್ಕ ಸಂವಿಧಾನದಾಗ ಇರೂ 371ಜೆ ಮೀಸಲಾತಿ ಖಾಸಗಿ ಕಾರ್ಖಾನಿಗೂ ಹಚ್ಚಬೇಕು. ನಮ್ಮ ನೆಲ, ನಮ್ಮ ನೀರು, ಧೂಳು ನಮ್ಮ ಪುಪ್ಪುಸಕ್ಕ. ಕೆಲಸಕ್ಕ ಮಾತ್ರ ನಮ್ಮ ಹುಡುಗ್ರು ಅಂತರ್ಮುಖಿ.

ಸಿಂಧನೂರು_ಭತ್ತ
ಅದು ಸರ್ಕಾರಿ ನೌಕರಿಗೆ, ಕಾಲೇಜ್ ಸೀಟಿಗೆ ಮಾತ್ರ. ಅದರ ಚರ್ಚೆ ಶುರುವಾದ್ರ ಇವತ್ತು ಮುಗಿಯಂಗಿಲ್ಲ, ಬ್ಯಾರೆ ಕಡೆ ಮಾಡೂಣ.

ಎರಡು_ಸಲ_ಎಸ್‌ಎಸ್‌ಬಿ
ಸೇನೆಯ ಅಧಿಕಾರಿಗಳನ್ನ ಆರಿಸೂ ಎಸ್‌ಎಸ್‌ಬಿಗೆ ಎರಡು ಸಲ ಹೋಗೀನಿ, ಬೆಂಗಳೂರಿನಾಗ. ವ್ಯಕ್ತಿತ್ವ ನೋಡೂದು ಅಂದ್ರ ಹೆಂಗಿರತೈತಿ ಅಂತ ಅಲ್ಲಿ ತಿಳೀತು. 60 ಶಬ್ದ, ಒಂದೊಂದಕ್ಕ 15 ಸೆಕೆಂಡು, ಹೊಳೆದ ವಾಕ್ಯ ಬರೀಬೇಕು. ಚಿತ್ರ ತೋರಿಸ್ತಾರ, 4 ನಿಮಿಷದಾಗ ಕಥಿ. ಕಡೀದು ಖಾಲಿ ಹಾಳಿ, ಅದಕ್ಕೂ ಕಥಿ ಬರೀಬೇಕು. ಆದ್ರ ಅಷ್ಟಕ್ಕ ನಿಲ್ಲಂಗಿಲ್ಲ. ಮೈದಾನದಾಗ ಹಗ್ಗ, ಹಲಗಿ, ಡ್ರಮ್ ಕೊಟ್ಟು ಗುಂಪಿನ ಕೂಡ ದಾಟಿಸ್ತಾರ, ಒಬ್ಬರು ತಾಸುಗಟ್ಲೆ ಮಾತಾಡಸ್ತಾರ. 5 ದಿನ. ಮನಶ್ಶಾಸ್ತ್ರದವರು, ಮೈದಾನದವರು, ಸಂದರ್ಶನದವರು ಮೂರೂ ಮಂದಿ ಬ್ಯಾರೆ ಬ್ಯಾರೆ ನೋಡಿ ಕಡೀಗೆ ಕೂಡಿ ತೀರ್ಮಾನ ಮಾಡ್ತಾರ.

ಎರಡೂ ಸಲ ಕಡೀ ದಿನ ನನ್ನ ನಂಬರ್ ಕರೀಲಿಲ್ಲ. ಅತ್ತೀನಿ. ಆದ್ರ ನನ್ನನ್ನ ಮನುಷ್ಯಾರು ನೋಡಿ ಬ್ಯಾಡ ಅಂದ್ರು. ಅದಕ್ಕ ಎದ್ದು ನಿಲ್ಲಾಕ ಆಯ್ತು. ಅಕ್ಕಾರ, ತಮ್ಮನ್ನ ಯಾರೂ ನೋಡೇ ಇಲ್ಲ.

ಕುಷ್ಟಗಿ_ಅಕ್ಕ
ಕಣ್ಣಾಗ ನೀರ ಬಂತ್ರಿ ಅಣ್ಣ.

ಗಂಗಾವತಿ_ಮಿಲ್
ನಮ್ಮದು ಅಕ್ಕಿ ಗಿರಣಿ. ನಾ ಹುಡುಗ್ರನ್ನ ತಗೊಳ್ಳೂದು ಹಿಂಗ: ಬೆಳಿಗ್ಗೆ ಬಾ ಅಂತೀನಿ. ಎಲಿವೇಟರ್ ಬೆಲ್ಟ್ ಒಂದು ಕಡೆ ಸರದಿರತೈತಿ, 'ಏನಾಗೈತಿ ನೋಡು' ಅಂತೀನಿ. ಕೆಲವ್ರು ಬಂದ ಕೂಡ್ಲೆ ಸ್ಪ್ಯಾನರ್ ಹಿಡೀತಾರ. ಕೆಲವ್ರು ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಕಿಸೆದಾಗ ಇಟ್ಕೋತಾರ. ನನಗ ಎರಡನೇ ಹುಡುಗ ಬೇಕು. ಅವ ಮಾತಾಡಲಿ, ಬಿಡಲಿ. ಆ ದಿನದ ಕೂಲಿ ಕೊಟ್ಟ ಕಳಸ್ತೀನಿ, ತಗೊಂಡ್ರೂ ಅಷ್ಟ, ಬಿಟ್ರೂ ಅಷ್ಟ.

ಸಂಡೂರು_ನೇಮಕಾತಿ
ಮಿಲ್ಲಿನವರೇ, ನೀವು ಮಾಡ್ತಿರೋದಕ್ಕೆ ನಮ್ಮ ಪುಸ್ತಕದಲ್ಲಿ 'ಕೆಲಸದ ಮಾದರಿ ಪರೀಕ್ಷೆ' ಅಂತಾರೆ. 2022ರಲ್ಲಿ ಸಂಶೋಧಕ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿಯ ಎಲ್ಲ ವಿಧಾನಗಳ ಲೆಕ್ಕ ಮತ್ತೆ ಹಾಕಿದರು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಹಾಕೋ ಸಂದರ್ಶನ 0.42, ಕೆಲಸದ ಜ್ಞಾನದ ಪರೀಕ್ಷೆ 0.40, ಕೆಲಸ ಮಾಡಿಸಿ ನೋಡೋದು 0.33. ವ್ಯಕ್ತಿತ್ವ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಸರಾದ ಶ್ರದ್ಧೆಗೆ 0.19. ಪರೀಕ್ಷೆಯ ಅಂಕ ಆಮೇಲೆ ಮಾಡೋ ಕೆಲಸಕ್ಕೆ ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ರೆ 0 ಅಂತ ಲೆಕ್ಕ. ಅಂದ್ರೆ ತಮ್ಮ ಪಾಸಾದ ಎರಡು ಪರೀಕ್ಷೆಯೇ ಗಟ್ಟಿ, ಫೇಲಾದ ಮೂರನೇದು ಸಡಿಲ. ಸಡಿಲ ಇರೋದನ್ನ ಕೊನೆಗೆ ಇಟ್ಟು ಗಟ್ಟಿ ಇರೋದನ್ನ ಹೊಡೆದು ಹಾಕಿದ್ದಾರೆ.

ಅಕ್ಕಾರೆ, ಒಂದು ಕೆಲಸ ಮಾಡಿ. ಆ ಕಂಪನಿಗೆ ಇಮೇಲ್ ಬರೀರಿ. ಯಾವ ಪರೀಕ್ಷೆ, ಈ ಹುದ್ದೆಗೆ ಯಾವ ಗುಣ ಬೇಕು ಅಂತ ಯಾರು ಗೊತ್ತು ಮಾಡಿದರು, ಕನ್ನಡದಲ್ಲಿ ಮಾನಕ ಇದೆಯಾ, ವರದಿಯ ಪ್ರತಿ ಕೊಡ್ತೀರಾ ಅಂತ ಕೇಳಿ. ಉತ್ತರ ಬರದೇ ಇರಬಹುದು. ಆದರೆ ಹತ್ತು ಜನ ಕೇಳಿದರೆ ನನ್ನಂಥವರಿಗೆ ಮೇಲಿನವರ ಹತ್ತಿರ ಮಾತಾಡೋಕೆ ಬಲ ಬರುತ್ತೆ. ಕರಡು ಬರೆದು ನಿಮಗೆ ಕಳಿಸ್ತೀನಿ.

ಕಿನ್ನಾಳ_ಬಣ್ಣ
ನಮ್ಮೂರಾಗ ಗೊಂಬಿ ಮಾಡೋರ ಮನಿಯಾಗ ಹುಡುಗ್ರಿಗೆ ಮೊದಲು ಕುಂಚ ಕೊಡಂಗಿಲ್ಲ. ಹುಣಸಿ ಬೀಜದ ಅಂಟು ಕಲಸಾಕ ಹಚ್ತಾರ, ಗಂಟು ಇರಬಾರದು. ಅದರಾಗ ತಾಳ್ಮಿ ಕಂಡವನಿಗೆ ಆಮ್ಯಾಲೆ ಕಣ್ಣು ಬರೆಯೂದು. ನನಗ ಕಣ್ಣು ಬರೆಯಾಕ ಕೊಟ್ಟದ್ದು ನಾಲ್ಕನೇ ವರ್ಷ. ಅಲ್ಲಿತನಕ ನನಗ ತಾಳ್ಮಿ ಇಲ್ಲ ಅಂತ ಅಜ್ಜ ಬೈತಿದ್ದ. ಮೊದಲನೇ ವರ್ಷ ಟೆಸ್ಟ್ ಬರೆಸಿದ್ರ ನಾ ಫೇಲ. ತಾಳ್ಮಿ ಬಂದದ್ದು ಅಂಟು ಕಲಸಿ ಕಲಸಿನ.

ಮುನಿರಾಬಾದ್_ಗಾಳಿ
ಗೊಂಬಿ ಈಗ ಎಲ್ಲಿ ಸಿಗ್ತಾವ? ಮಗಳಿಗೆ ಬೇಕಾಗ್ಯಾವ.

ಕಿನ್ನಾಳ_ಬಣ್ಣ
ಊರಿಗೇ ಬರ್ರಿ, ಕೊಪ್ಪಳದಿಂದ ಬಸ್ ಐತಿ.

ಗಂಗಾವತಿ_ಮಿಲ್
ಕುಷ್ಟಗಿ ತಂಗಿ, ತಮ್ಮನ್ನ ಒಂದು ದಿನ ನಮ್ಮ ಕಡೆ ಕಳಸ್ತಿಯೇನು? ಸೀಸನ್ ಶುರು ಆಗೈತಿ, ಬಾಯ್ಲರ್ ಫೀಡ್ ಪಂಪ್ ಒಂದು ಸದ್ದು ಮಾಡಾಕತ್ತೈತಿ. ಕೆಲಸ ಕೊಡ್ತೀನಿ ಅಂತ ಈಗ ಹೇಳಂಗಿಲ್ಲ. ಬಂದು ನೋಡಲಿ.

ಕುಷ್ಟಗಿ_ಅಕ್ಕ
ಈಗಷ್ಟ ಅವಗ ತೋರಿಸಿದೆ. ಒಂದು ತಾಸು ಏನೂ ಅನಲಿಲ್ಲ. ಆಮ್ಯಾಲೆ ಎದ್ದು ಬಂದು, 'ಸದ್ದು ಹೆಂಗ ಬರತೈತಂತ ಕೇಳು. ಕರಕರ ಅಂತೈತೋ, ಕುಂಯ್ ಅಂತೈತೋ? ಕರಕರ ಅಂದ್ರ ಬೇರಿಂಗ್, ಜಲ್ಲಿ ಉರುಳಿದಂಗ ಅಂದ್ರ ಒಳಗ ನೀರು ಸಾಲಂಗಿಲ್ಲ' ಅಂದ. ವಾರದ ಮ್ಯಾಲ ಇಷ್ಟು ಮಾತು ಅವನ ಬಾಯಾಗ ಇವತ್ತ ಕೇಳಿದ್ದು.

ಗಂಗಾವತಿ_ಮಿಲ್
ಜಲ್ಲಿ ಉರುಳಿದಂಗ. ಸೋಮವಾರ ಏಳಕ್ಕ ಬರಲಿ. ಸ್ಪ್ಯಾನರ್ ಸೆಟ್ ನಮ್ಮಲ್ಲೈತಿ, ಕಾಲಾಗ ಬೂಟು ಇರಲಿ.